ಮಹಡಿ ಮೇಲಿನ ಸವತಿಯರು

ಗಂಡಸರಿಗೂ ಸವತಿಯರಿರುತ್ತಾರೆ ಎಂದರೆ ನೀವು ನಗುತ್ತೀರಿ. ನಗಿ. ನನಗಂತೂ ಮೂರು ಸಾಲು ಸವತಿಯರಿದ್ದರು, ನಮ್ಮ ಮಹಡಿಯ ಮೇಲೆ, ಕುಂಡಗಳಲ್ಲಿ. ಜಾತಿಯಲ್ಲಿ ಅಲಸಂದೆ.

ನನ್ನ ಹೆಂಡತಿ ಶಾಲೆಯಲ್ಲಿ ವಿಜ್ಞಾನ ಪಾಠ ಹೇಳುತ್ತಿದ್ದವಳು. ಕಿವಿಯ ಹತ್ತಿರ ಕೂದಲು ನರೆಯತೊಡಗಿದ ಮೇಲೆ, ಒಂದು ದಿನ ಹೊಲಿಗೆ ಯಂತ್ರದ ಮುಂದೆ ಬಂದು ನಿಂತು, "ರೀ, ನಾನು ಎಂ.ಎಸ್ಸಿ. ಮಾಡ್ತೀನಿ. ಬೆಳೆ ವಿಜ್ಞಾನ" ಎಂದಳು. ನಾನು ಟೈಲರ್, ಅಳತೆ ತೆಗೆಯದೆ ಬಟ್ಟೆಗೆ ಕತ್ತರಿ ಹಾಕಿದವನಲ್ಲ. ಅಂದು ಮಾತ್ರ ಹಿಂದುಮುಂದು ನೋಡದೆ "ಮಾಡು ಹೋಗು" ಎಂದುಬಿಟ್ಟೆ.

ನೀರಿಲ್ಲದಿದ್ದರೆ ಯಾವ ತಳಿಯ ಅಲಸಂದೆ ತಡೆದುಕೊಳ್ಳುತ್ತದೆ ಎಂಬುದು ಅವಳ ಪ್ರಬಂಧದ ವಿಷಯ. ಕಾಲೇಜಿನ ಹಸಿರುಮನೆ ರಿಪೇರಿಯಲ್ಲಿದ್ದುದರಿಂದ ಅವಳ ಮೇಡಂ ಕುಂಡಗಳನ್ನು ಮನೆಯಲ್ಲೇ ಇಟ್ಟುಕೊಳ್ಳಲು ಒಪ್ಪಿದರು. ಅರ್ಧ ಗಿಡಗಳಿಗೆ ದಿನಾ ನೀರು. ಉಳಿದರ್ಧಕ್ಕೆ ಮೊಗ್ಗು ಬಿಡುವ ಹೊತ್ತಿಗೆ ನೀರು ಬಂದ್.

ಕಾಲೇಜಿನಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಮಹಡಿ ಹತ್ತುತ್ತಿದ್ದಳು. "ಏನ್ರಮ್ಮಾ, ಹೇಗಿದ್ದೀರಿ ಎಲ್ಲಾ?" ಎಂದು ಮೇಲಿಂದ ಕೇಳಿಸುತ್ತಿತ್ತು. ಅಬ್ಬಾ, ಆ ದನಿ! ಮದುವೆಯಾದ ಹೊಸದರಲ್ಲೂ ನನ್ನನ್ನು ಯಾರೂ ಹಾಗೆ ವಿಚಾರಿಸಿದ್ದಿಲ್ಲ. ಕೆಳಗೆ ಕೂತ ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಟೇಪು ಆ ಗಿಡಗಳ ಎತ್ತರ ಅಳೆಯಲು ಹೋಗಿ ಮಣ್ಣು ಮೆತ್ತಿಕೊಂಡು ಬರುತ್ತಿತ್ತು. ನನ್ನ ಕತ್ತಿನ ಮೇಲೆ ನಿಂಬೆಹಣ್ಣಿನಷ್ಟು ಕುರು ಎದ್ದು ವಾರವಾದರೂ ಅವಳಿಗೆ ಕಾಣಲಿಲ್ಲ. ಎಲೆಯ ಮೇಲೊಂದು ಸಾಸಿವೆ ಗಾತ್ರದ ಚುಕ್ಕೆ ಬಿದ್ದರೆ ಮೆಟ್ಟಿಲಿನಿಂದಲೇ ಕಾಣುತ್ತಿತ್ತು.

"ನಾನೂ ಈ ಮನೇಲಿ ಬದುಕಿದ್ದೀನಿ ಕಣೇ" ಎಂದೆ ಒಮ್ಮೆ.

"ನಿಮಗೆ ಬಾಯಿದೆ, ಹೇಳ್ಕೋತೀರಿ. ಅವಕ್ಕೆಲ್ಲಿದೆ?"

ನೀರು ನಿಲ್ಲಿಸಿದ ಗಿಡಗಳು ಜೋತುಬಿದ್ದಾಗ ನನಗೆ ಒಳಗೊಳಗೇ ಖುಷಿ. ಸುಳ್ಳೇಕೆ ಹೇಳಲಿ? ಆದರೆ ಒಂದು ಸಂಜೆ ಅವಳು ಮೇಲೆ ಹೋದವಳು ಕಿಟಾರನೆ ಕಿರುಚಿದಳು. ಓಡಿಹೋಗಿ ನೋಡಿದರೆ ಸಾಯಬೇಕಾಗಿದ್ದ ಗಿಡಗಳೆಲ್ಲ ಸೆಟೆದು ನಿಂತಿವೆ. ಕುಂಡಗಳ ಮಣ್ಣು ಹಸಿಹಸಿ. ಇಡೀ ಪ್ರಯೋಗ ಮಣ್ಣುಪಾಲು.

ಅವಳು ತಿರುಗಿದ್ದು ನನ್ನ ಕಡೆಗೇ. "ನಿಮ್ಮದೇ ಕೆಲಸ! ನನ್ನ ಓದು ಹಾಳಾಗಬೇಕಿತ್ತು ನಿಮಗೆ. ಅವುಗಳನ್ನು ಕಂಡ್ರೆ ನಿಮಗಾಗಲ್ಲ."

"ಆಗಲ್ಲ! ಯಾರು ಇಲ್ಲ ಅಂದ್ರು? ಆಗದವನು ನೀರು ಹಾಕಿ ಬದುಕಿಸ್ತಾನೇನೇ? ನಾನಾಗಿದ್ರೆ ಇದ್ದ ನೀರನ್ನೂ ಹಿಂಡಿ ತೆಗೀತಿದ್ದೆ!"

ಆಗ ಮೆಟ್ಟಿಲ ಹತ್ತಿರದಿಂದ ನಮ್ಮತ್ತೆಯ ದನಿ ಬಂತು. ಮಗಳನ್ನು ನೋಡಲೆಂದು ನಮ್ಮಲ್ಲಿಗೆ ಬಂದು ಉಳಿದಿದ್ದರು. "ನಾನೇ ಕಣಮ್ಮ ಹಾಕಿದ್ದು. ಬಾಯಿಲ್ಲದ ಜೀವ ಕಣ್ಣೆದುರಿಗೆ ಸಾಯ್ತಿದ್ರೆ ಹೇಗೆ ಸುಮ್ನಿರೋದು? ನೀನು ಮರೆತಿದ್ದೀಯ ಅಂದ್ಕೊಂಡೆ."

ನನ್ನ ಮೇಲೆ ಗುಡುಗಿದವಳು ಅಮ್ಮನನ್ನು ಮಾತ್ರ ಒಂದು ಮಾತೂ ಅನ್ನಲಿಲ್ಲ, ತಬ್ಬಿಕೊಂಡು ಅತ್ತಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಅತ್ತೆಯ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

ಮೇಡಂ ಇನ್ನೊಂದೇ ಅವಕಾಶ ಕೊಟ್ಟರು. ಈ ಸಲವೂ ಕೆಟ್ಟರೆ ನೋಂದಣಿ ರದ್ದು, ಪದವಿಯ ಆಸೆ ಬಿಡಬೇಕು. ಮತ್ತೆ ಬಿತ್ತಿದಳು, ಮತ್ತೆ ನೀರು ನಿಲ್ಲಿಸುವ ದಿನಗಳು ಬಂದವು. ಆ ದಿನಗಳಲ್ಲೇ ಅವಳಿಗೆ ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸ. ಅತ್ತೆಯೋ ಬಾಡಿದ ಎಲೆ ಕಂಡರೆ ಸಾಕು, ಚೊಂಬು ಹುಡುಕುವವರು.

"ನೀವೇ ಕಾಯ್ಬೇಕು" ಎಂದಳು ನನಗೆ.

"ತೋಳನನ್ನ ಕುರಿ ಕಾಯೋಕೆ ಬಿಡ್ತೀಯಾ?"

"ಈ ಮನೇಲಿ ಅವಕ್ಕೆ ಒಂದು ಹನಿಯೂ ಹಾಕದವರು ನೀವೊಬ್ಬರೇ. ನಿಮ್ಮನ್ನಲ್ದೆ ಇನ್ಯಾರನ್ನ ನಂಬಲಿ?"

ಹೊಗಳಿದಳೋ ಉಗಿದಳೋ ಗೊತ್ತಾಗಲಿಲ್ಲ. ಯಂತ್ರಕ್ಕೆ ಬಟ್ಟೆ ಮುಚ್ಚಿ, ಮಹಡಿಯ ಮೇಲೆ ಕುರ್ಚಿ ಹಾಕಿ ಕೂತೆ. ಮಳೆ ಬೀಳದಿರಲೆಂದು ಕುಂಡಗಳ ಮೇಲೆ ಅವಳು ಕಟ್ಟಿಸಿದ್ದ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಸೆಕೆಯೋ ಸೆಕೆ. ಎದುರಿಗೆ ಸವತಿಯರು ದಿನದಿನಕ್ಕೆ ಒಬ್ಬೊಬ್ಬರಾಗಿ ತಲೆ ಬಾಗಿಸಿದರು. "ಸಾಯ್ರೇ, ಯಾರು ಬೇಡ ಅಂದ್ರು" ಎಂದು ಬೈದೆ. ಕೊನೆಯ ದಿನ ಅತ್ತೆ ಎರಡು ಸಲ ಇಣುಕಿದರು. "ಅತ್ತೆ, ಇಳೀರಿ ಕೆಳಗೆ" ಎಂದು ಎರಡು ಸಲವೂ ಕಳಿಸಿದೆ. ಎರಡನೆಯ ಸಲ ನನಗೆಂದು ಒಂದು ಚೊಂಬು ನೀರು ಇಟ್ಟು ಹೋದರು. ಕೈಗೆತ್ತಿಕೊಂಡೆ. ಮೂಲೆಯಲ್ಲೊಂದು ಗಿಡ, ಹಳದಿ ತಿರುಗಿದ್ದು, ನನ್ನನ್ನೇ ನೋಡುವಂತಿತ್ತು. ಥೂ, ಅದರೆದುರು ಕುಡಿಯಲು ಮನಸ್ಸು ಬರಲಿಲ್ಲ. ಚೊಂಬನ್ನು ಕುರ್ಚಿಯ ಕೆಳಗೆ ಸರಿಸಿದೆ.

ಸಂಜೆ ಅವಳು ಬಂದಳು. ಎಂದಿನಂತೆ ಚಪ್ಪಲಿಯಲ್ಲೇ ಮೇಲೆ ಹತ್ತಿ, ನೀರು ನಿಲ್ಲಿಸಿದ ಕುಂಡಗಳ ಬಳಿಗೇ ಹೋಗಿ, ಒಂದೊಂದರಲ್ಲೂ ಬೆರಳು ಹಾಕಿ ನೋಡಿದಳು. ಮಣ್ಣು ಒಣಗಿ ಪುಡಿಯಾಗಿತ್ತು. ನೆಮ್ಮದಿಯ ಉಸಿರು ಬಿಟ್ಟಳು. ಆಮೇಲೆ ನನ್ನತ್ತ ತಿರುಗಿ, ಕುರ್ಚಿಯ ಕೆಳಗಿನ ತುಂಬಿದ ಚೊಂಬನ್ನು ನೋಡಿ, ಮತ್ತೆ ನನ್ನ ಮುಖ ನೋಡಿದಳು.

"ಅಯ್ಯೋ, ನೀವ್ಯಾಕ್ರೀ ಇಷ್ಟು ಬಾಡಿದ್ದೀರಿ?"

ಅದೇ ದನಿ. ಗಿಡಗಳಿಗೆ ಮೀಸಲಿದ್ದ ಅದೇ ದನಿ. ಚೊಂಬೆತ್ತಿ ಅವಳೇ ನನ್ನ ಕೈಗಿಟ್ಟಳು. ಆ ಮೂಲೆಯ ಗಿಡಕ್ಕೆ ಬೆನ್ನು ಮಾಡಿ, ಗಟಗಟನೆ ಕುಡಿದೆ.