ಈಜುಕೊಳದ ದಂಡೆಯಲ್ಲಿ ಅವ್ವ

ಯಾವ ಊರಿಗೆ ಹೋದರೂ ನಾನು ಮೊದಲು ವಿಚಾರಿಸುವುದು ಅಲ್ಲಿ ಈಜುಕೊಳ ಇದೆಯೇ ಎಂದು. ಗುಡಿ, ಕೋಟೆ, ಖಾನಾವಳಿ ಎಲ್ಲ ಆಮೇಲೆ. ಧಾರವಾಡದಲ್ಲಿ ಕಾಲೇಜು ಓದುವಾಗ ಹತ್ತಿದ ಚಟ ಇದು. ಅಲ್ಲಿ ಮಾಸ್ತರರಿಂದ ಬೈಸಿಕೊಂಡು ಬೈಸಿಕೊಂಡೇ ಈಜು ಕಲಿತೆ. ರೋಣದಲ್ಲಿ ನಮ್ಮದು ಕಾಳುಕಡಿ ದಲಾಲಿಯ ಅಡತಿ ಅಂಗಡಿ ನಡೆಸುವ ಮನೆತನ. ಮನೆಯಲ್ಲಿ ನೀರೆಂದರೆ ಕುಡಿಯಲು, ಮೀಯಲು, ಅಷ್ಟೇ. ಹೀಗಾಗಿ ಈಜು ಬರುವವನು ನಾನೊಬ್ಬನೇ ಎಂಬ ಜಂಬ ನನಗೆ ಚೆನ್ನಾಗಿಯೇ ಇತ್ತು. ನರಗುಂದದಿಂದ ಬಂದ ಹೆಂಡತಿಗೂ ಮೊಣಕಾಲು ಮುಳುಗುವಷ್ಟು ನೀರೇ ಸಾಕು.

ಪ್ರವಾಸಕ್ಕೆ ಹೊರಟರೆ ಹೆಂಡತಿ, ಮಗಳು, ಅವ್ವ ಮೂವರೂ ಜೊತೆಗೆ. ಮೈಸೂರಾಗಲಿ, ಕೊಲ್ಹಾಪುರವಾಗಲಿ, ಕೊಳ ಯಾವುದಾದರೂ ಅವ್ವನದು ಒಂದೇ ಕೆಲಸ. ದಂಡೆಯ ಮೇಲೆ ನೆರಳು ಹುಡುಕಿ ಕೂತು ನಮ್ಮ ಅರಿವೆ, ಮೊಬೈಲು, ಕಾರಿನ ಕೀಲಿ ಕಾಯುವುದು. "ಅವ್ವಾ, ಇದನ್ನ ಹಿಡಕೊ" ಎಂದು ಕೊಟ್ಟು ನಾನು ದುಡುಂ ಎಂದು ಜಿಗಿಯುತ್ತಿದ್ದೆ. ಆಕೆ ಮಡಿಲಲ್ಲಿ ಗಂಟು ಇಟ್ಟುಕೊಂಡು ನೀರನ್ನೇ ನೋಡುತ್ತ ಕೂಡುತ್ತಿದ್ದಳು. ನೀರಿಗೆ ಅಂಜುತ್ತಾಳೆ ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ಆಕೆಗೂ ಇಳಿಯುವ ಆಸೆ ಇತ್ತೆಂದು ತಿಳಿಯಲು ಈ ಜಾಣನಿಗೆ ಬಹಳ ವರ್ಷ ಹಿಡಿದವು.

ಕಳೆದ ಬೇಸಿಗೆಯಲ್ಲಿ ಇಟಗಿಗೆ ಹೋಗಿ ಭೀಮಾಂಬಿಕೆಯ ದರ್ಶನ ಮುಗಿಸಿ ಗಜೇಂದ್ರಗಡಕ್ಕೆ ಬಂದೆವು. ಊರ ಹೊರಗೆ ಹೊಸದಾಗಿ ಈಜುಕೊಳ ಆಗಿದೆ, ಜಾರುಬಂಡೆಯೂ ಇದೆ ಎಂದು ಬಸ್‌ಸ್ಟ್ಯಾಂಡಿನ ಮಿರ್ಚಿ ಅಂಗಡಿಯವನು ಹೇಳಿದ. ಹೇಳಿದ್ದೇ ತಡ, ಕಾರು ಅತ್ತ ತಿರುಗಿತು.

ಜಾರುಬಂಡೆ ನೋಡಿದೊಡನೆ ನನ್ನ ಎದೆ ಧಸಕ್ಕೆಂದಿತು. ಎರಡು ಅಂತಸ್ತಿನ ಎತ್ತರ, ಸುತ್ತಿ ಸುತ್ತಿ ಇಳಿಯುವ ನೀಲಿ ಕೊಳವೆ. ಈಜಿನ ಶೂರನಿಗೆ ಎತ್ತರವೆಂದರೆ ಅಂಜಿಕೆ, ಏನು ಮಾಡುವುದು? ಒಂಬತ್ತು ವರ್ಷದ ಮಗಳು ಮಾತ್ರ ಹಟ ಹಿಡಿದಳು. ಮಕ್ಕಳ ಹಿಂದೆ ದೊಡ್ಡವರೊಬ್ಬರು ಕೂಡಲೇಬೇಕೆಂಬುದು ಅಲ್ಲಿಯ ನಿಯಮ.

"ನನಗ ಸೊಂಟ ಹಿಡದೈತಿ" ಎಂದೆ ನಾನು.

"ನನಗ ತಲಿ ತಿರಗತೈತಿ" ಎಂದಳು ಹೆಂಡತಿ.

ಮಗಳು ನಮ್ಮಿಬ್ಬರನ್ನೂ ಬಿಟ್ಟು ಅಜ್ಜಿಯ ಹತ್ತಿರ ಓಡಿದಳು. "ಆಯೀ, ನೀ ಬಾ. ನನ್ನ ಕೂಡ ನೀರಿಗೆ ಬಾ."

ಅವ್ವ ಆಕೆಯ ಮುಖವನ್ನೇ ನೋಡಿದಳು. ಆಮೇಲೆ ಗಂಟನ್ನು ಬದಿಗಿಟ್ಟು ಎದ್ದಳು. ತುರುಬಿನಿಂದ ಒಂದು ಹೂವು ಕಿತ್ತು, ಬಾಗಿ ನೀರಿಗೆ ಬಿಟ್ಟು ಕೈಮುಗಿದಳು. ಬಾವಿಗಾಗಲಿ ಹೊಳೆಗಾಗಲಿ ಇಳಿಯುವ ಮೊದಲು ಗಂಗವ್ವನಿಗೆ ಹೂವು ಏರಿಸುವುದು ನಮ್ಮ ಕಡೆಯ ಹೆಣ್ಣುಮಕ್ಕಳ ರೂಢಿ. ಅಷ್ಟು ಊರಿನ ಅಷ್ಟು ಕೊಳಗಳಲ್ಲಿ ಅವ್ವ ಒಂದು ಸಲವೂ ಹೂವು ಬಿಟ್ಟಿರಲಿಲ್ಲ.

ಕಾವಲಿನವನು ಸೀಟಿ ಊದುತ್ತ ಓಡಿ ಬಂದ. "ಏನ್ ಮಾಡಾಕತ್ತೀರಿ ಅಮ್ಮಾರ? ನೀರು ಹೊಲಸಾಗತೈತ್ರಿ!"

"ಹೊಲಸಲ್ಲೋ ತಮ್ಮಾ, ಪೂಜಿ" ಎಂದ ಅವ್ವ ತೇಲುತ್ತಿದ್ದ ಹೂವನ್ನು ತಾನೇ ಎತ್ತಿಕೊಂಡಳು. "ಆತು ಬಿಡು, ಆಕಿಗೆ ಮುಟ್ಟತು."

ಸೀರೆಯ ನೆರಿಗೆ ಎತ್ತಿ ಕಚ್ಚೆ ಹಾಕಲು ಹೊರಟಾಗ ಅವನು ಮತ್ತೆ ತಡೆದ. "ಸೀರಿ ನಡೆಂಗಿಲ್ರಿ." ಬಾಡಿಗೆಗೆ ಕೊಡುವ ನೈಲಾನ್ ಪ್ಯಾಂಟು, ಅಂಗಿ ತೋರಿಸಿದ. ನಾನು ಕಂಡಂತೆ ಸೀರೆ ಬಿಟ್ಟು ಬೇರೇನೂ ಉಡದ ಅವ್ವ ಸೀದಾ ಒಳಗೆ ಹೋಗಿ ಅವನ್ನು ಹಾಕಿಕೊಂಡು ಬಂದಳು. ನಾನು ನಾಚಿಕೊಂಡೆ, ಆಕೆ ನಾಚಲಿಲ್ಲ.

ಸ್ವಲ್ಪ ಹೊತ್ತಿಗೆ ಮೇಲಿನಿಂದ ಮಗಳ ಕಿರುಚಾಟ, ಅದರ ಬೆನ್ನಿಗೇ ಅವ್ವನ "ಯವ್ವಾ!" ಕೇಳಿಸಿತು. ಇಬ್ಬರೂ ಕೊಳವೆಯಿಂದ ಚಿಮ್ಮಿ ನೀರಿಗೆ ಬಿದ್ದರು. ಅವ್ವನನ್ನು ಎತ್ತಬೇಕೆಂದು ಗಾಬರಿಯಾಗಿ ಜಿಗಿದೆ. ನಾನು ತಲೆಯೆತ್ತುವಷ್ಟರಲ್ಲಿ ಆಕೆ ಮಗಳನ್ನು ಮೆಟ್ಟಿಲು ಮುಟ್ಟಿಸಿ, ಕೊಳದ ನಡುವೆ ಆರಾಮಾಗಿ ಈಜುತ್ತಿದ್ದಳು. ಅದೂ ನೆಟ್ಟಗಲ್ಲ, ಬಾವಿಯಲ್ಲಿ ಕಲಿತವರ ಹಾಗೆ ದುಂಡಗೆ, ಸುತ್ತು ಹಾಕುತ್ತ. ಅಡ್ಡ ಬಂದವರು ದಾರಿ ಬಿಡಬೇಕಾಯಿತು.

"ನೆಟ್ಟಗ ಹೋಗ್ರಿ ಅಮ್ಮಾರ!" ಕಾವಲಿನವನು ಕೂಗುತ್ತಲೇ ಇದ್ದ.

"ಅವ್ವಾ, ನಿನಗ ಈಸಾಕ ಬರತೈತಿ?"

"ತವರಮನ್ಯಾಗ, ಅಸೂಟ್ಯಾಗ, ನಮ್ಮ ಹೊಲದ ಬಾವ್ಯಾಗ ದಿನಾ ಈಸತಿದ್ನಿ. ಲಗ್ನಾದ ಮ್ಯಾಲ ಬಿಟ್ಟಹೋತು."

"ಮತ್ತ ಇಷ್ಟು ವರ್ಷ ಯಾಕ ಹೇಳಲಿಲ್ಲ?" ನನ್ನ ದನಿ ಏರಿತ್ತು, ತಪ್ಪು ಆಕೆಯದೇ ಎಂಬಂತೆ.

ಅವ್ವ ಮುಖದ ನೀರು ಒರೆಸಿಕೊಂಡಳು. "ನೀ ಯಾವಾಗ ಬಾ ಅಂದಿ? ಹಿಡಕೊ ಅಂದಿ, ಹಿಡಕೊಂಡ್ನಿ."

ನಗುತ್ತಲೇ ಹೇಳಿದಳು, ಅದಕ್ಕೇ ಹೆಚ್ಚು ನಾಟಿತು. ಅವ್ವನಿಗೆ ಎಷ್ಟೆಲ್ಲ ಊರು ತೋರಿಸಿದ್ದೇನೆ ಎಂದು ಕಂಡಕಂಡವರ ಮುಂದೆ ಕೊಚ್ಚಿಕೊಂಡವನು ನಾನು. ನನ್ನ ಬಗ್ಗೆ ನನಗೇ ನಾಚಿಕೆಯಾಯಿತು, ದುಃಖವೂ ಆಯಿತು.

"ಬಾ ಅವ್ವಾ, ಕೂಡಿ ಈಸೋಣು" ಎಂದೆ.

"ತಡಿ, ಇನ್ನೊಂದ್ ಸಲ ಜಾರಿ ಬರ್ತೇವಿ" ಎಂದ ಅವ್ವ ಮೊಮ್ಮಗಳ ಕೈ ಹಿಡಿದು ಮೆಟ್ಟಿಲು ಹತ್ತತೊಡಗಿದಳು.