ನಾನು ತುಂಬಿದ ಸೊನ್ನೆ

ಅವರ ಎರಡೂ ಮೀನಖಂಡಗಳ ಮೇಲೆ ನೀಲಿ ನರಗಳು ಹುರಿಹಗ್ಗದಂತೆ ಗಂಟುಗಟ್ಟಿ ಎದ್ದಿದ್ದವು. ಪಾಳಿ ಮುಗಿದ ಮೇಲೆ ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿ, ನಲ್ಲಿಯ ಕೆಳಗೆ ಮೊದಲು ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಹಿಡಿದು ಸುಮ್ಮನೆ ನಿಲ್ಲುತ್ತಿದ್ದರು. ಸೂಪರ್‌ವೈಸರ್ ಅಂತ ಕಂಪನಿ ಅವರಿಗೆ ಒಂದು ತಿರುಗುವ ಕುರ್ಚಿ ಕೊಟ್ಟಿತ್ತು. ಅದರ ಮೇಲೆ ನಮ್ಮ ಹನ್ನೊಂದು ಜನರ ಊಟದ ಡಬ್ಬಿಗಳು ಆರಾಮಾಗಿ ಕೂತಿರುತ್ತಿದ್ದವು. ಅವರು ಅದರಲ್ಲಿ ಕೂತದ್ದನ್ನು ನಾನು ನೋಡಿದ್ದು ಒಂದೇ ಸಲ.

ನಾಸಿಕದ ಅಂಬಡ್ ಕಡೆ ಇದ್ದ ಕಾರ್ಖಾನೆ ಅದು. ದೊಡ್ಡ ಕಟ್ಟಡಗಳಿಗೆ, ಪಂಪುಮನೆಗಳಿಗೆ ಬೇಕಾಗುವ ವಿದ್ಯುತ್ ಪ್ಯಾನೆಲ್‌ಗಳನ್ನು ನಮ್ಮ ಲೈನಿನಲ್ಲಿ ಜೋಡಿಸುತ್ತಿದ್ದೆವು. ಆಳೆತ್ತರದ ಕಬ್ಬಿಣದ ಪೆಟ್ಟಿಗೆ, ಅದರೊಳಗೆ ಸ್ವಿಚ್ಚು, ವೈರು, ತಾಮ್ರದ ಪಟ್ಟಿ. ನಾನು ಗದಗಿನವನು. ಐಟಿಐ ಮುಗಿಸಿ ಓಝರಿನಲ್ಲಿದ್ದ ಸೋದರಮಾವನ ಮನೆಗೆ ಬಂದು, ಮಾವ ಹೇಳಿದ ಕಡೆ ಎಲ್ಲೂ ಕೆಲಸ ಸಿಗದೆ ಇಲ್ಲಿ ಸೇರಿಕೊಂಡಿದ್ದೆ. ಸೂಪರ್‌ವೈಸರು ವಿಜಯಪುರದ ಕಡೆಯವರು. ಮರಾಠಿಯವರು ಅವರನ್ನು ಅಣ್ಣಾ ಅನ್ನುತ್ತಿದ್ದರು, ಅಲ್ಲಿ ಕನ್ನಡ ಮಾತಾಡುವ ಗಂಡಸರೆಲ್ಲ ಅಣ್ಣಾಗಳೇ. ನಾನು ಸರ್ ಅನ್ನುತ್ತಿದ್ದೆ. ಲೈನಿನಲ್ಲಿ ಕನ್ನಡ ಬಲ್ಲ ಮೂರನೆಯವರು ಅಕ್ಕಲಕೋಟೆಯ ಒಬ್ಬ ಹಿರಿಯ ಫಿಟ್ಟರ್, ಎಲ್ಲರ ಬಾಯಲ್ಲೂ ಕಾಕಾ. ಉಳಿದವರ ಮುಂದೆ ಸರ್ ಬೈಯುವಾಗ ಮಾತ್ರ ಕನ್ನಡಕ್ಕೆ ಇಳಿಯುತ್ತಿದ್ದರು, ಅವರಿಗೆ ತಿಳಿದು ಬೇಸರವಾಗಬಾರದೆಂದು. ಹೀಗಾಗಿ ನಾಸಿಕದ ಎಂಟು ಜನ ಕನ್ನಡದಲ್ಲಿ ಮೊದಲು ಕಲಿತದ್ದು ಬೈಗುಳಗಳನ್ನೇ.

ಬೆಳಿಗ್ಗೆ ಏಳಕ್ಕೆ ಎಲ್ಲರೂ ಸುತ್ತುಗಟ್ಟಿ ನಿಲ್ಲಬೇಕಿತ್ತು. ನಿನ್ನೆ ಕೆಲಸ ಎಲ್ಲಿ ತಡೆಯಿತು, ಇವತ್ತು ಎಲ್ಲಿ ತಡೆಯಬಹುದು ಎನ್ನುವುದಷ್ಟೇ ಮಾತು. ಎಲ್ಲರಿಗಿಂತ ಹೊಸಬರು ಮೊದಲು ಬಾಯಿ ಬಿಡಬೇಕು, ಸರ್ ಸರದಿ ಕೊನೆಗೆ. ಸೇರಿದ ಎರಡನೆಯ ದಿನ ನನ್ನ ಸರದಿ ಬಂದಾಗ “ಏನೂ ಇಲ್ಲ ಸರ್” ಅಂದೆ.

“ಏನೂ ಇಲ್ಲಂದ್ರ ನೀ ನಿನ್ನೆ ಕೆಲಸಾನ ಮಾಡಿಲ್ಲ ಅಂದಂಗಾತು,” ಅಂದರು.

ನಾಚಿಕೆಯಿಂದ, ಸ್ಕ್ರೂಡ್ರೈವರಿನ ತುದಿ ಸವೆದಿದೆ ಅಂತ ಹೇಳಿದೆ. ಊಟದ ಹೊತ್ತಿಗೆ ಹೊಸದು ನನ್ನ ಮೇಜಿನ ಮೇಲಿತ್ತು. ನನ್ನ ಮಾತು ಕೇಳಿ ಯಾರಾದರೂ ಏನಾದರೂ ಮಾಡಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ನಾನು ಆವತ್ತೇ ಅವರ ಮನುಷ್ಯನಾಗಿಬಿಟ್ಟೆ.

ಅವರ ಇನ್ನೊಂದು ಪದ್ಧತಿ ಎಂದರೆ ತಿಂಗಳ ಮೊದಲ ಸೋಮವಾರ ಎಲ್ಲರೂ ತಮ್ಮ ಜಾಗ ಬಿಟ್ಟು ಪಕ್ಕದವರ ಕೆಲಸಕ್ಕೆ ಸರಿಯಬೇಕು. ವೈರು ಕತ್ತರಿಸುವವನು ಜೋಡಣೆಗೆ, ಜೋಡಿಸುವವನು ಟೆಸ್ಟಿಂಗಿಗೆ. ಗೋಡೆಯ ಮೇಲೆ ಒಂದು ಚಾರ್ಟ್ ಇತ್ತು. ಎಡಕ್ಕೆ ನಮ್ಮ ಹೆಸರು, ಮೇಲೆ ಕೆಲಸಗಳ ಹೆಸರು, ಪ್ರತಿ ಮನೆಯಲ್ಲೂ ನಾಲ್ಕು ಪಾಲು ಮಾಡಿದ ಒಂದೊಂದು ಸೊನ್ನೆ. ಕೆಲಸ ನೋಡಿ ತಿಳಿದುಕೊಂಡರೆ ಒಂದು ಪಾಲು ಕಪ್ಪು, ಇನ್ನೊಬ್ಬರ ನೆರವಿನಿಂದ ಮಾಡಿದರೆ ಎರಡು, ಒಬ್ಬನೇ ಮಾಡಿದರೆ ಮೂರು, ಬೇರೆಯವರಿಗೆ ಕಲಿಸುವಷ್ಟು ಬಂದರೆ ಇಡೀ ಸೊನ್ನೆ ಕಪ್ಪು. ಸರ್ ಪಕ್ಕದಲ್ಲಿ ಮೂರು ದಿನ ನಿಂತು ಕಣ್ಣಾರೆ ನೋಡದೆ ಒಂದು ಪಾಲನ್ನೂ ತುಂಬುತ್ತಿರಲಿಲ್ಲ. ಎಷ್ಟು ಗೋಗರೆದರೂ ಪೆನ್ನು ಜೇಬಿನಿಂದ ಹೊರಗೆ ಬರುತ್ತಿರಲಿಲ್ಲ.

ಕಾಕಾ ಒಬ್ಬರು ಮಾತ್ರ ತಮ್ಮ ಜಾಗದಿಂದ ಅಲುಗಾಡಿರಲಿಲ್ಲ. ತಾಮ್ರದ ಪಟ್ಟಿ ಬಗ್ಗಿಸುವುದು ಅವರ ಕೆಲಸ. ಒಂದು ಕೂದಲೆಳೆ ಆಚೀಚೆ ಬಗ್ಗಿತೋ, ಪಟ್ಟಿ ಗುಜರಿಗೆ. “ಹದಿನೆಂಟು ವರ್ಷದ ವಿದ್ಯಾರೀ ಇದು, ಮಂದಿಗೆ ಹಂಚಿ ನಾ ಏನ್ ಮಾಡ್ಲಿ?” ಅನ್ನುತ್ತಿದ್ದರು. ಅವರ ಸಂಸಾರ ಅಕ್ಕಲಕೋಟೆಯಲ್ಲಿ, ಅವರು ಇಲ್ಲಿ ಒಂಟಿ.

ಒಂದು ದಿನ ಸರ್ ಕೇಳಿದರು. “ಕಾಕಾ, ಮಗಳ ಬಾಣಂತನಕ್ಕ ಎಷ್ಟ್ ದಿನ ಹೋಗಿದ್ರಿ?”

“ಒಂದ ದಿನ.”

“ಯಾಕ್ರಿ?”

“ಇಲ್ಲಿ ಪಟ್ಟಿ ಯಾರು ಬಗ್ಗಸ್ತಾರ?”

“ಅದನ್ನ ನಾನೂ ಕೇಳ್ಲಿಕತ್ತೀನಿ.”

ಮೂರನೆಯ ದಿನ ಕಾಕಾ ನನ್ನನ್ನು ಕರೆದು, ಪಟ್ಟಿಯ ಮೇಲೆ ನನ್ನ ಹೆಬ್ಬೆರಳನ್ನು ತಾವೇ ಒತ್ತಿ ಹಿಡಿದರು. ಆರು ತಿಂಗಳಿಗೆ ನನ್ನ ಸೊನ್ನೆಯ ಎರಡು ಪಾಲು ತುಂಬಿತು. ಮೊಮ್ಮಗನ ಜವಳಕ್ಕೆಂದು ಕಾಕಾ ಮೊದಲ ಬಾರಿಗೆ ಎಂಟು ದಿನ ರಜೆ ಹಾಕಿದರು. ಆ ಎಂಟು ದಿನ ಸರ್ ನನ್ನ ಜೊತೆ ನಿಂತು ಹೇಗೋ ಲೈನು ಎಳೆದರು. ಕಾಕಾ ಪೇಢೆ ತಂದು ಎಲ್ಲರಿಗಿಂತ ಮೊದಲು ಸರ್ ಬಾಯಿಗೆ ಹಾಕಿದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ನಾನು ಕಂಡ ನಾಯಕತ್ವ ಎಂದರೆ ಅದೇ. ಒಬ್ಬ ಮನುಷ್ಯ ನಿಶ್ಚಿಂತೆಯಿಂದ ಎಂಟು ದಿನ ಮನೆಗೆ ಹೋಗಿ ಬರುವ ಹಾಗೆ ಮಾಡುವುದು.

ಆಮೇಲಿನದು ನನ್ನ ಕರ್ಮ.

ಮುಂಬಯಿಯ ಮುಖ್ಯ ಕಚೇರಿಯಿಂದ ದೊಡ್ಡವರು ನೋಡಲು ಬರುವವರಿದ್ದರು. ಹಿಂದಿನ ಸಂಜೆ ಚಾರ್ಟ್ ಒರೆಸುವ ಕೆಲಸ ನನಗೆ ಬಿತ್ತು. ಬೇರೆ ಲೈನುಗಳ ಚಾರ್ಟ್‌ಗಳು ಬೋಳುಬೋಳಾಗಿದ್ದವು, ನಮ್ಮದು ಹೆಚ್ಚುಕಡಿಮೆ ತುಂಬಿತ್ತು. ನನ್ನ ಸಾಲಿನಲ್ಲಿ ತಾಮ್ರದ್ದೊಂದು ಅರ್ಧ ಸೊನ್ನೆ ಮುರಿದ ಹಲ್ಲಿನ ಹಾಗೆ ಕಾಣುತ್ತಿತ್ತು. ಸ್ಕೆಚ್ ಪೆನ್ನು ತೆಗೆದು ಉಳಿದ ಎರಡು ಪಾಲನ್ನೂ ತುಂಬಿಬಿಟ್ಟೆ. ನಮ್ಮ ಲೈನು ಚೆನ್ನಾಗಿ ಕಾಣಲಿ ಅಂತ ಮಾಡಿದೆ ಅಂದರೆ ಅರ್ಧ ನಿಜ. ನಾನು ಚೆನ್ನಾಗಿ ಕಾಣಬೇಕಿತ್ತು.

ಮರುದಿನ ದೊಡ್ಡವರು ಚಾರ್ಟಿನ ಮುಂದೆ ನಿಂತು “ಇದೆಲ್ಲ ಖರೇನಾ?” ಅಂತ ಹಿಂದಿಯಲ್ಲಿ ಕೇಳಿದರು. ಸರ್ ಕಣ್ಣು ನನ್ನ ಸೊನ್ನೆಯ ಮೇಲೆ ಬಿತ್ತು, ಆಮೇಲೆ ನನ್ನ ಮೇಲೆ. ಹಿಂದೆ ಹತ್ತು ಜನ ಎದೆಯುಬ್ಬಿಸಿ ನಿಂತಿದ್ದರು. “ಹೌದು” ಅಂದರು. ಅವರಿಗೂ ಆ ಒಂದು ಗಳಿಗೆ ನಮ್ಮ ಬಗ್ಗೆ ಹೆಮ್ಮೆ ಇತ್ತು ಎನ್ನುವುದು ನನಗೆ ಗೊತ್ತು. ದೊಡ್ಡವರು ಫೋನಿನಲ್ಲಿ ಚಾರ್ಟಿನ ಫೋಟೋ ಹೊಡೆದುಕೊಂಡು ಹೋದರು.

ಎರಡು ತಿಂಗಳಿಗೆ ಆದೇಶ ಬಂತು. ಲೈನು ನಾಲ್ಕೈದು ತಾಸು ದೂರದ ಸಂಭಾಜಿನಗರದ ವಾಳೂಜಿಗೆ ಹೋಗುತ್ತದೆ. ಒಬ್ಬೊಬ್ಬರಿಗೆ ಮೂರು ಮೂರು ಕೆಲಸ ಬರುವುದರಿಂದ ಆರು ಜನ ಸಾಕು, ಐದು ಜನ ಬೇಡ. ಹೆಸರುಗಳನ್ನು ಮುಖ್ಯ ಕಚೇರಿಯವರೇ ಫೋಟೋ ನೋಡಿ ಆರಿಸಿದ್ದರು. ತಾಮ್ರ ಬಗ್ಗಿಸಲು ಚಿಕ್ಕ ವಯಸ್ಸಿನವನು ಪೂರ್ತಿ ತಯಾರಾಗಿರುವಾಗ ಕಾಕಾ ಯಾಕೆ ಬೇಕು? ಉಳಿಯುವ ಆರು ಜನರಲ್ಲಿ ನನ್ನ ಹೆಸರಿತ್ತು, ಕಾಕಾನ ಹೆಸರಿರಲಿಲ್ಲ.

ಸರ್ ಮ್ಯಾನೇಜರರ ಗಾಜಿನ ಕೋಣೆಗೆ ಹೋದರು. ಅವರ ಕೈಗಳು ಆಡುವುದು ಹೊರಗಿನಿಂದ ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಅರ್ಧ ಗಂಟೆಯ ಮೇಲೆ ಹೊರಗೆ ಬಂದು, ಕುರ್ಚಿಯ ಮೇಲಿನ ಡಬ್ಬಿಗಳನ್ನು ಒಂದೊಂದಾಗಿ ನೆಲಕ್ಕಿಟ್ಟು, ಕೂತರು. ಕಾಕಾ ಚಾರ್ಟಿನ ಹತ್ತಿರ ನಿಂತಿದ್ದರು.

“ಈ ಹುಡುಗನ ಸೊನ್ನಿ ಯಾರು ತುಂಬಿದ್ರು? ನಾ ಅರ್ಧಾ ಕಲಿಸೀನಿ ಇವಗ.”

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಕುರ್ಚಿಯಿಂದ ದನಿ ಬಂತು.

“ನಾ ತುಂಬಿದ್ದು, ಕಾಕಾ.”

ತೆರೆದ ಬಾಯಿಯನ್ನು ನಾನು ಮುಚ್ಚಿದೆ. ಮರುದಿನ ಕಾಕಾ ಸರ್ ಮನೆಯ ಬಾಗಿಲಿಗೆ ಹೋಗಿ, ಅವರ ಹೆಂಡತಿ ಮಗಳ ಎದುರು, “ಕಲಿಸ್ರಿ ಕಲಿಸ್ರಿ ಅಂತ ಬೆನ್ನು ಸವರಿ ನನ್ನ ಹೊಟ್ಟಿ ಮ್ಯಾಲ ಕಾಲಿಟ್ಟ್ರಿ” ಅಂತ ಕೂಗಾಡಿ ಬಂದರಂತೆ. ಸರ್ ತಲೆ ತಗ್ಗಿಸಿ ಕೇಳಿಸಿಕೊಂಡರಂತೆ. ಅವರ ಮನೆಯವರೇ ನನಗೆ ಹೇಳಿದ್ದು.

ವಾಳೂಜಿಗೆ ಹೋದ ಮೇಲೆ ಸರ್ ಅಲ್ಲೇ ಹತ್ತಿರದ ಗಂಗಾಪುರದಲ್ಲಿ ಒಂದು ಕೋಣೆ ಹಿಡಿದರು. ಮಗಳ ಶಾಲೆಗಾಗಿ ಸಂಸಾರ ನಾಸಿಕದಲ್ಲೇ ಉಳಿಯಿತು. ದಿನಾ ಪಾಳಿ ಮುಗಿದ ಮೇಲೆ ನನ್ನನ್ನು ನಿಲ್ಲಿಸಿಕೊಂಡು ಗುಜರಿ ತಾಮ್ರದ ಮೇಲೆ ಕೈ ತಿದ್ದಿಸುತ್ತಿದ್ದರು. “ತುಂಬೀಯಲ್ಲಾ, ಈಗ ಖರೇ ಮಾಡು,” ಅನ್ನುತ್ತಿದ್ದರು. ಬೈಯಲಿಲ್ಲ. ಕನ್ನಡದಲ್ಲಿ ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಬೈದರೆ ಸಾಕಿತ್ತು ಅನಿಸುತ್ತಿತ್ತು. ನಾಲ್ಕು ತಿಂಗಳಿಗೆ ಪಟ್ಟಿ ನಾನು ಹೇಳಿದ ಕಡೆ ಬಗ್ಗತೊಡಗಿತು. ಆ ದಿನ ಗಾಜಿನ ಕೋಣೆಯ ಮಾತು ತೆಗೆದರು.

“ಚಾರ್ಟ್ ಸುಳ್ಳದ ಅಂತ ಹೇಳ್ದೆ. ಹಂಗಾರ ಸುಳ್ಳು ತುಂಬಿದವನ ಹೆಸರು ಕೊಡ್ರಿ, ಅವನ್ನ ತಗದು ಕಾಕಾನ್ನ ಇಟ್ಕೋತೀವಿ ಅಂದ್ರು. ನಿನ್ನ ಹೆಸರು ತುಟಿ ತನಕಾ ಬಂತು. ಹೇಳ್ಲಿಕ್ಕೂ ಆಗ್ಲಿಲ್ಲ. ಹೇಳಲಾರದ ಬಂದಿದ್ದಕ್ಕ ಸಮಾಧಾನನೂ ಇಲ್ಲ.”

“ನಾ ಕಾಕಾಗ ಹೇಳಿಬಿಡ್ತೀನ್ರಿ ಸರ್.”

“ಏನಂತ ಹೇಳ್ತಿ? ಅವರ ನೌಕರಿ ವಾಪಸ್ ಬರ್ತದೇನು?”

ಆ ಪ್ರಶ್ನೆಯನ್ನು ನಾನು ನೆಪ ಮಾಡಿಕೊಂಡೆ. ಸರ್ ಬದುಕಿದ್ದಷ್ಟು ದಿನವೂ ಕಾಕಾನಿಗೆ ಹೇಳಲಿಲ್ಲ.

ನನ್ನನ್ನು ಬಿಟ್ಟರೆ ವಾಳೂಜಿನಲ್ಲಿ ಅವರು ಯಾರಿಗೂ ಏನನ್ನೂ ಕಲಿಸಲಿಲ್ಲ. ಮೊದಲ ಸೋಮವಾರಗಳು ಬಂದು ಹೋದವು, ಯಾರೂ ಜಾಗ ಬದಲಿಸಲಿಲ್ಲ. ಗಂಗಾಪುರದಿಂದ ಬರುತ್ತಿದ್ದ ಹೊಸ ಹೆಣ್ಣುಮಗಳೊಬ್ಬಳು ಟೆಸ್ಟಿಂಗ್ ಕಲಿಸಿ ಅಣ್ಣಾ ಅಂತ ದಿನಾ ಕೇಳುತ್ತಿದ್ದಳು. ನಾಳೆ ಅನ್ನುತ್ತಿದ್ದರು. ಕೊನೆಗೆ ಅವಳು ಕೇಳುವುದನ್ನು ಬಿಟ್ಟಳು. ಕಲಿಸಿದರೆ ಮುಂದೆ ಯಾರ ಅನ್ನಕ್ಕೆ ಕುತ್ತೋ ಅಂತ ಅವರಿಗೆ ಹೆದರಿಕೆ, ಕಲಿಸದೆ ಇರುವುದು ಅವರ ಜೀವಕ್ಕೆ ಆಗದ ಕೆಲಸ. ಆ ಎರಡರ ನಡುವೆ ಅವರು ಸೊರಗುವುದನ್ನು ನೋಡುತ್ತ ನಾನು ತಾಮ್ರ ಬಗ್ಗಿಸುತ್ತಿದ್ದೆ.

ಎರಡನೆಯ ವರ್ಷ ಒಂದು ಮಂಗಳವಾರ, ಊಟದ ಗಂಟೆಗೆ ಮೊದಲು, ಲೈನಿನ ನಡುವೆಯೇ ಕುಸಿದರು. ಆಸ್ಪತ್ರೆ ಮುಟ್ಟುವುದರೊಳಗೆ ಹೋಗಿಬಿಟ್ಟಿದ್ದರು. ನಾಸಿಕದಲ್ಲಿ ಗೋದಾವರಿಯ ದಡದಲ್ಲಿ ನಡೆದ ಅವರ ದಹನಕ್ಕೆ ಕೆಲಸ ಕಳೆದುಕೊಂಡ ಐವರಲ್ಲಿ ನಾಲ್ವರು ಬಂದಿದ್ದರು. ಕಾಕಾ ಬರಲಿಲ್ಲ. ಹದಿನೈದು ದಿನಕ್ಕೆ ಕಂಪನಿ ಅವರ ಜಾಗವನ್ನು ನನಗೆ ಕೊಟ್ಟಿತು. ಹೀಗೆ ಇಬ್ಬರ ಕೆಲಸವೂ ನನ್ನದಾಯಿತು.

ಮುಚ್ಚಿಟ್ಟ ಮಾತನ್ನು ಹೊತ್ತುಕೊಂಡು ತಿರುಗಲು ಆಗದೆ ಒಂದು ರಜೆಯ ದಿನ ನಾಸಿಕದ ಹತ್ತಿರದ ಘೋಟಿಗೆ ಹೋದೆ. ಅಲ್ಲಿಯ ಅಕ್ಕಿ ಗಿರಣಿಯಲ್ಲಿ ಕಾಕಾ ಚೀಲದ ಬಾಯಿ ಹೊಲಿಯುವ ಕೆಲಸಕ್ಕಿದ್ದರು. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಸೊನ್ನೆ ತುಂಬಿದ್ದು ನಾನು, ನನ್ನ ಹೆಸರು ಹೇಳಿದ್ದರೆ ನೀವು ಉಳಿಯುತ್ತಿದ್ದಿರಿ, ಅವರು ಹೇಳಲಿಲ್ಲ, ನಾನೂ ಹೇಳಲಿಲ್ಲ. ಕಾಕಾ ದಬ್ಬಣ ಕೆಳಗಿಟ್ಟರು. ಹೊಡೆಯುತ್ತಾರೆ ಅಂದುಕೊಂಡೆ. ಅವರು ಚೀಲದ ಮೇಲೆ ಕೂತರು.

“ನಾಸಿಕಕ್ಕ ಬಂದಾಗೊಮ್ಮೆ ನನಗ ಫೋನ್ ಹಚ್ಚತಿದ್ರು ಅವರು,” ಅಂದರು. “ನಾ ಒಮ್ಮಿನೂ ಎತ್ತಲಿಲ್ಲ.”

ಚೀಲದಿಂದ ಉದುರಿದ ಅಕ್ಕಿಕಾಳುಗಳನ್ನು ಆರಿಸಿ ಒಳಗೆ ಹಾಕಿದರು.

“ಈಗ ನಾ ಯಾರಿಗೆ ಹಚ್ಚಲಿ, ತಮ್ಮಾ? ನೀನ ಹೇಳು.”

ಹಗುರಾಗಲು ಹೋದವನು ನಾನು. ಭಾರವನ್ನು ಆ ಮುದುಕನ ತಲೆಗೆ ಹೊರಿಸಿ ನಿಂತಿದ್ದೆ. ಅವರು ಎದ್ದು ದಬ್ಬಣ ಎತ್ತಿಕೊಂಡರು. ದಾರ ಪೋಣಿಸಲು ಮೂರು ಸಲ ನೋಡಿ, ಆಗದೆ, ಮುಖ ಆಚೆ ತಿರುಗಿಸಿಕೊಂಡು ನನ್ನ ಕೈಗೆ ಕೊಟ್ಟರು. ನಾನು ಪೋಣಿಸಿ ಕೊಟ್ಟೆ.