ಮಚ್ಚಿನ ಎಣ್ಣೆ, ಗಡಿಯಾರದ ಎಣ್ಣೆ

ಕೋಳಿ ಅಂಗಡಿಯವಳಿಗೆ ಮಚ್ಚಕ್ಕ ಅಂತ ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಇಟ್ಟವರು ಎದುರಿಗೆ ಬಂದು ಒಪ್ಪಿಕೊಂಡಿಲ್ಲ, ಅಷ್ಟು ಗುಂಡಿಗೆ ಯಾರಿಗಿತ್ತು? ಬೆಳಿಗ್ಗೆ ಶಟರ್ ಎತ್ತಿದರೆ ಸಂಜೆ ಇಳಿಸುವತನಕ ಅವಳ ಮೊಣಕೈವರೆಗೂ ರಕ್ತ. ಎರಡೂ ರೆಕ್ಕೆ ಹಿಂದಕ್ಕೆ ತಿರುಚಿ ಹಿಡಿದು, ಕತ್ತು ಕೊಯ್ದು, ತಲೆಕೆಳಗು ಮಾಡಿ ತಗಡಿನ ಡಬ್ಬಕ್ಕೆ ಎಸೆದರೆ ಕೋಳಿ ಒಳಗೆ ಒದ್ದಾಡುವ ಸದ್ದು ಬೀದಿಗೆಲ್ಲ ಕೇಳುತ್ತಿತ್ತು. ಒಬ್ಬ ಗಿರಾಕಿ ಒಮ್ಮೆ ಕೈ ಸವರಲು ಬಂದಿದ್ದ. ಅವನ ಎರಡು ಬೆರಳ ನಡುವೆ, ಮಾಂಸ ಕೊಚ್ಚುವ ಕೊರಡಿಗೆ ಮಚ್ಚು ನಾಟಿ ನಿಂತಿತ್ತು. ಮರುದಿನದಿಂದ ಅವನು ಮೊಟ್ಟೆಯನ್ನೂ ಬೇರೆ ಬೀದಿಯಲ್ಲಿ ಕೊಂಡ.

ಗಂಡ ಸತ್ತು ಒಂಟಿಯಾಗಿದ್ದ ಇಂಥವಳಿಗೆ ಗಡಿಯಾರದ ಹುಚ್ಚು ಹಿಡಿಸಿದ್ದು ಪಕ್ಕದ ಕನ್ನಡಕದಂಗಡಿಯ ಮುದುಕ. ಗಿರಾಕಿ ಇಲ್ಲದಾಗ ಅವನು ಸತ್ತ ಕೈಗಡಿಯಾರಗಳ ಹೊಟ್ಟೆ ಬಿಚ್ಚಿಕೊಂಡು ಕೂತಿರುತ್ತಿದ್ದ.

"ಕೊಲ್ಲೋದು ಕಲಿತಾಯ್ತು, ಬದುಕಿಸೋದೂ ಕಲೀತೀಯಾ?" ಅಂತ ಹಲ್ಲು ಕಿರಿದ.

"ಮೊದಲು ನಿನ್ನ ಬಾಯಿ ಮುಚ್ಚಿಸೋದು ಕಲೀತೀನಿ," ಅಂದಳು. ಅಂದವಳೇ ಸ್ಟೂಲು ಎಳೆದು ಕೂತಳು.

ಬಿಚ್ಚುವುದು ಬೇಗ ಬಂತು, ಜೋಡಿಸುವುದೂ ಬಂತು. ಎಣ್ಣೆ ಬಿಡುವುದನ್ನು ಮಾತ್ರ ಅವಳು ಯಾರನ್ನೂ ಕೇಳಲಿಲ್ಲ. ಅದರಲ್ಲೇನಿದೆ ಕೇಳುವುದು? ಮಚ್ಚಿಗೆ ತುಕ್ಕು ಹಿಡಿಯದ ಹಾಗೆ ಸವರುವ ಎಣ್ಣೆಯ ಕುಪ್ಪಿ ಕೈಗೆಟುಕುವಲ್ಲೇ ಇತ್ತು. ಮಚ್ಚಿಗೆ ಒಗ್ಗಿದ್ದು ಗಡಿಯಾರದ ಗಾಲಿಗೆ ಒಗ್ಗದೇ?

ಅವಳ ತಮ್ಮ ಕಬ್ಬಿಣ ಕರಗಿಸುವ ಕಾರ್ಖಾನೆಯಲ್ಲಿದ್ದ. ಅಪ್ಪ ಸತ್ತ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಇವಳೇ. ಅಪ್ಪನ ಕೈಗಡಿಯಾರ ಅವನಿಗೆ ಬಂದಿತ್ತು, ಅಪ್ಪನ ಕೈಯೂ ಬಂದಿತ್ತು. ಗಡಿಯಾರ ನಿಧಾನವಾಗಿ ಪಾಳಿ ತಪ್ಪಿದ ದಿನ ಅವನ ಹೆಂಡತಿಯ ಮೈಮೇಲೆ ಬಾಸುಂಡೆ. ಅವಳು ಅಳುತ್ತಾ ಬಂದಾಗಲೆಲ್ಲ ಮಚ್ಚಕ್ಕ ಅರಿಶಿನ ಮೆತ್ತಿ, "ಗಂಡಸು, ಕೋಪ ಇರುತ್ತೆ. ತಾಳಿದವಳು ಬಾಳಿಯಾಳು, ಹೋಗು ತಾಯಿ," ಅಂತ ತಾನೇ ಬಾಗಿಲವರೆಗೂ ಬಿಟ್ಟು ಬರುತ್ತಿದ್ದಳು.

ಕೊನೆಗೆ ಆ ಹುಡುಗಿ ಬುದ್ಧಿ ಓಡಿಸಿದಳು. ಗಂಡ ಮಲಗಿದ್ದಾಗ ಗಡಿಯಾರ ತಂದು, "ಅತ್ತಿಗೆ, ಇದು ಸರಿಯಾಗಿ ನಡೆದರೆ ನನಗೆ ಏಟು ತಪ್ಪುತ್ತೆ," ಅಂದಳು.

ಮಚ್ಚಕ್ಕ ಖುಷಿಯಿಂದಲೇ ಬಿಚ್ಚಿದಳು. ಕುಪ್ಪಿಯ ಮೂತಿ ಬಗ್ಗಿಸಿ, ಕೂಸಿನ ನೆತ್ತಿಗೆ ಎಣ್ಣೆ ಒತ್ತುವ ಹಾಗೆ ಧಾರಾಳವಾಗಿ ಬಿಟ್ಟಳು. ಗಾಲಿಗಳೆಲ್ಲ ಮಿರಮಿರ ಮಿಂಚಿದವು. ಗಡಿಯಾರವೂ ನಡೆಯಿತು. ನಡೆಯುವುದೇನು, ಬಾಲಕ್ಕೆ ಬೆಂಕಿ ಬಿದ್ದ ಹಾಗೆ ಓಡಿತು.

ಮರುದಿನ ತೀರಾ ಮೊದಲೇ ಕಾರ್ಖಾನೆಯ ಗೇಟಿಗೆ ತಮ್ಮ ಹೋದಾಗ ಹಿಂದಿನ ಪಾಳಿಯವರು ಇನ್ನೂ ಬೆವರು ಸುರಿಸುತ್ತಿದ್ದರು. "ಏನಯ್ಯಾ, ಹೆಂಡತಿ ಒದ್ದು ಓಡಿಸಿದಳಾ?" ಅಂತ ಒಬ್ಬ ನಕ್ಕ. ತಮ್ಮ ಅವನ ಮೂಗು ಮುರಿದ. ಗೇಟಿನವರು ಇವನನ್ನು ಮನೆಗೆ ಅಟ್ಟಿದರು. ಮನೆಯಲ್ಲಿ ಅವನ ಬೆಲ್ಟು ಬಿಚ್ಚಿತು.

ಮಟಮಟ ಮಧ್ಯಾಹ್ನ ಅವನ ಹೆಂಡತಿ ಅಂಗಡಿಗೆ ಬಂದಾಗ ಮುಂದಿನ ಹಲ್ಲು ಇರಲಿಲ್ಲ. ಎಡಗೈಯ ಕಿರುಬೆರಳು ತಿರುಗಬಾರದ ಕಡೆಗೆ ತಿರುಗಿತ್ತು. ಹಿಂದೆಯೇ ತಮ್ಮ ಬಂದು ಗಡಿಯಾರವನ್ನು ಕೊರಡಿನ ಮೇಲೆ, ಕೋಳಿಯ ಕರುಳಿನ ನಡುವೆ ಎಸೆದ.

"ಕೆಡಿಸಿದವಳು ನೀನೇ ಸರಿ ಮಾಡು. ಭಾನುವಾರ ಬರ್ತೀನಿ. ಇದನ್ನೂ ತಗೊಂಡು ಹೋಗ್ತೀನಿ, ಅದನ್ನೂ ತಗೊಂಡು ಹೋಗ್ತೀನಿ." ‘ಅದನ್ನೂ’ ಅಂದಾಗ ಹೆಂಡತಿಯ ಕಡೆ ಗದ್ದದಿಂದ ತೋರಿಸಿದ.

"ಆಯ್ತಪ್ಪಾ," ಅಂದಳು ಮಚ್ಚಕ್ಕ. ರೂಢಿಯ ಮಾತು, ಬಾಯಿಗೆ ತಾನಾಗಿ ಬಂತು.

ನಾದಿನಿಯ ಬೆರಳಿಗೆ ಕಟ್ಟು ಹಾಕಿಸಿಕೊಂಡು ಬಂದು, ಗಡಿಯಾರ ಹಿಡಿದು ಕನ್ನಡಕದವನ ಮುಂದೆ ಇಬ್ಬರೂ ಕೂತರು. ಮುದುಕ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ನೋಡಿದವನು ಉಸ್ಸೆಂದ.

"ಇದೇನು ಗಡಿಯಾರವೋ ಬಾಣಲೆಯೋ? ಈ ಕೂದಲಿನಂಥ ಸ್ಪ್ರಿಂಗು ನೋಡು, ಸುರುಳಿ ಸುರುಳಿಗೆ ಎಣ್ಣೆ ಅಂಟಿಕೊಂಡಿದೆ. ಉದ್ದ ಸ್ಪ್ರಿಂಗು ಗಿಡ್ಡ ಆದ ಲೆಕ್ಕ. ಅದಕ್ಕೇ ಓಡಿದೆ. ಏನು ಬಿಟ್ಟೆ?"

"ಮಚ್ಚಿನ ಎಣ್ಣೆ."

"ಅದು ಹರಡಲಿ ಅಂತಲೇ ಮಾಡಿದ್ದು, ತಾಯಿ. ಗಡಿಯಾರದ ಎಣ್ಣೆ ಇಟ್ಟಲ್ಲೇ ಕೂರಬೇಕು. ಹೊಲಿಗೆ ಯಂತ್ರದ್ದೂ ಬೇಡ, ಸ್ವಲ್ಪ ದಿನಕ್ಕೆ ಗೋಂದಾಗುತ್ತೆ."

ಮೂರು ಪುಟ್ಟ ಸೀಸೆ ಇಟ್ಟ. ತೆಳುವಾದದ್ದು ಬಿರುಸಾಗಿ ತಿರುಗುವ ಸಣ್ಣ ಗಾಲಿಗೆ. ಮಂದವಾದದ್ದು ಭಾರ ಹೊತ್ತು ನಿಧಾನ ತಿರುಗುವ ದೊಡ್ಡ ಗಾಲಿಗೆ. ಬೆಣ್ಣೆಯಂಥದ್ದು ಕೀಲಿ ಕೊಡುವ ಕಡ್ಡಿಗೆ. ಆಚೀಚೆ ಆಡುವ ಕವೆಯ ಅಚ್ಚಿನ ಎರಡು ತುದಿಗೆ ಮಾತ್ರ ಏನೂ ಬಿಡಬಾರದು. ಆಮೇಲೆ ಎಣ್ಣೆಸೂಜಿಗಳು: ತುದಿ ಸಲಿಕೆಯ ಹಾಗೆ ಚಪ್ಪಟೆ, ಇರುವೆಗೂ ಸಣ್ಣ ಸಲಿಕೆ. ಮಚ್ಚಕ್ಕ ಎಲ್ಲಕ್ಕಿಂತ ತೆಳುವಿನದಕ್ಕೆ ಕೈ ಹಾಕಿದಳು.

"ಅದು ನಿನ್ನ ಕೈಯಲ್ಲಿ ಒಂದೇ ಒತ್ತಿಗೆ ಬಾಗುತ್ತೆ. ನಡುವಿನದು ತಗೋ. ಒತ್ತಿದರೆ ತೊಟ್ಟಿಕ್ಕುವ ಪೆನ್ನಿನಂಥದ್ದೂ ಬರುತ್ತೆ, ಅದನ್ನು ಆಸೆಪಡಬೇಡ. ಒಂದು ತೊಟ್ಟು ಸಾಕು ಅನ್ನೋದು ನಿನಗೆ ಇನ್ನೂ ಗೊತ್ತಿಲ್ಲ."

ಅಂಗಡಿಯ ಹಿಂದಿನ ಕೋಣೆಯಲ್ಲಿ ಕೆಲಸ ಶುರುವಾಯಿತು. ಕೋಳಿಯ ನವಿರು ಪುಕ್ಕ ಗಾಳಿಯಲ್ಲಿ ತೇಲಿ ಬಂದು ಎಣ್ಣೆಗೆ ಬೀಳುತ್ತಿತ್ತು. ಅದಕ್ಕೆ ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ, ಎಣ್ಣೆಬಟ್ಟಲಿನ ಮೇಲೆ ಲೋಟ ಬೋರಲು ಹಾಕಿದರು. ಪ್ರತಿ ಚೂರನ್ನೂ ಪೆಟ್ರೋಲಿನಲ್ಲಿ ತೊಳೆದು ಒಣಗಿಸಿ, ಸೂಜಿಯ ತುದಿಯಲ್ಲಿ ಕಂಡೂ ಕಾಣದಷ್ಟು ಎಣ್ಣೆ ತೆಗೆದು, ಗಾಲಿಯ ಅಚ್ಚು ಕೂರುವ ಕೆಂಪು ಕಲ್ಲಿನ ಗುಳಿಗೆ ಮುಟ್ಟಿಸಬೇಕು. ಮಚ್ಚಕ್ಕ ಮುಟ್ಟಿಸುವಷ್ಟರಲ್ಲಿ ತೊಟ್ಟು ಆಚೆ ಬೀಳುತ್ತಿತ್ತು. ಮತ್ತೆ ತೊಳಿ, ಮತ್ತೆ ಒಣಗಿಸು. ನಾದಿನಿ ಮುರಿದ ಬೆರಳನ್ನು ಎತ್ತಿ ಹಿಡಿದುಕೊಂಡು, ಒಂದೇ ಕೈಯಲ್ಲಿ ಗಾಲಿಗಳನ್ನು ಒರೆಸಿ ಕೊಡುತ್ತಿದ್ದಳು. ಒಂದೊಂದು ಗಾಲಿ ಕೂತ ಹಾಗೆಲ್ಲ ಅವಳ ಮುಖ ಬಿಳಿಚುತ್ತಾ ಬಂತು.

"ಅತ್ತಿಗೆ."

"ಹೂಂ."

"ನಿಧಾನಕ್ಕೆ ಮಾಡಿ."

ಮಚ್ಚಕ್ಕನ ಸೂಜಿ ನಿಂತಿತು. ಗಡಿಯಾರ ಮುಗಿದರೆ ಇವಳನ್ನೂ ಕೊಟ್ಟು ಕಳಿಸಬೇಕು, ತಾನೇ ಒಪ್ಪಿಕೊಂಡದ್ದು. ಅದು ಅವಳಿಗೆ ನಾಟಿದ್ದು ಆಗ. ಸೂಜಿ ಒರೆಸಿ ಇಟ್ಟು, ಹಲ್ಲು ಬಿದ್ದ ಆ ಬಾಯನ್ನು ಬಹಳ ಹೊತ್ತು ನೋಡಿದಳು.

ಭಾನುವಾರ ಅಂಗಡಿಯ ಮುಂದೆ ಜನವೋ ಜನ. ಒಲೆಯ ಮೇಲೆ ಪುಕ್ಕ ಕೀಳುವ ನೀರು ಕೊತಕೊತ ಕುದಿಯುತ್ತಿತ್ತು. ಜನರನ್ನು ತಳ್ಳಿಕೊಂಡು ತಮ್ಮ ಒಳಗೆ ಬಂದ. ಮಚ್ಚಕ್ಕ ಕೈ ಒರೆಸಿಕೊಂಡು ಗಡಿಯಾರ ಕೊಟ್ಟಳು. ಅವನು ಕಿವಿಗೆ ಹಿಡಿದು ಕೇಳಿ, ಕೈಗೆ ಕಟ್ಟಿಕೊಂಡ.

"ಸರಿ ಹೋಗಿದೆ. ಎಲ್ಲಿ ಅವಳು?"

"ಗಡಿಯಾರ ತಗೊಂಡೆಯಲ್ಲ, ನಡಿ."

"ಅಕ್ಕಾ, ತಮಾಷೆ ಬೇಡ."

"ಅವಳು ಬರಲ್ಲ."

"ಹೇಳೋಕೆ ನೀನ್ಯಾರು? ಗಂಡನ್ನ ಹೂತು ಹಾಕಿದವಳು!"

ಅವನ ಮುಷ್ಟಿ ಅವಳ ದವಡೆಗೆ ಬಿತ್ತು. ಮಚ್ಚಕ್ಕ ಕೋಳಿಗೂಡಿನ ಮೇಲೆ ಉರುಳಿದಳು. ಗೂಡು ಒಡೆದು ಕೋಳಿಗಳು ಜನರ ಕಾಲಡಿ ಚೆಲ್ಲಾಪಿಲ್ಲಿಯಾದವು. ಸದ್ದಿಗೆ ನಾದಿನಿ ಹಿಂದಿನ ಕೋಣೆಯಿಂದ ಹೊರಗೆ ಓಡಿ ಬಂದದ್ದೇ ತಪ್ಪಾಯಿತು. ತಮ್ಮ ಜಡೆ ಹಿಡಿದು ಎಳೆದು, ಅವಳ ಕೆನ್ನೆಯನ್ನು ರಕ್ತ ತುಂಬಿದ ಕೊರಡಿಗೆ ಒತ್ತಿ, ಮಚ್ಚಿಗಾಗಿ ತಡಕಾಡಿದ. ಗಿರಾಕಿಗಳು ಹಿಂದೆ ಸರಿದರು. ಮಚ್ಚಕ್ಕ ಬಿದ್ದಲ್ಲಿಂದಲೇ ಉರುಳಿ ಅವನ ಕಾಲಿಗೆ ಜೋತುಬಿದ್ದು, ಹಿಮ್ಮಡಿಯ ಮೇಲಿನ ನರಕ್ಕೆ ಹಲ್ಲು ನೆಟ್ಟಳು. ಅವನು ಕಿರುಚಿ ಕೈ ಸಡಿಲಿಸಿದ. ಅಷ್ಟು ಸಾಕಾಯಿತು. ನಾದಿನಿ ಚೊಂಬಿನಲ್ಲಿ ಕುದಿನೀರು ಮೊಗೆದು ಅವನ ಎದೆಗೆ ಎರಚಿದಳು. ಮತ್ತೆ ಮೊಗೆದು ಮತ್ತೆ ಎರಚಿದಳು.

ಅವನು ನೆಲದಲ್ಲಿ ಹೊರಳಾಡಿದ. ಅಂಗಿ ಚರ್ಮಕ್ಕೆ ಅಂಟಿ, ಎಳೆದರೆ ಚರ್ಮವೂ ಬಂತು. ಯಾರೋ ಗಾಡಿ ತಂದರು, ಯಾರೋ ಪೊಲೀಸರಿಗೆ ಹೇಳಲು ಓಡಿದರು. ಗಾಡಿಗೆ ಏರಿಸುವಾಗ ಅವನು ಅಕ್ಕನ ಸೆರಗು ಹಿಡಿದ.

"ಅಕ್ಕಾ, ನಿನ್ನ ಕಣ್ಣೆದುರೇ ಸುಟ್ಟಳು. ಸಾಕ್ಷಿ ಹೇಳು. ನಾನು ನಿನ್ನ ರಕ್ತ."

ಮಚ್ಚಕ್ಕನ ದವಡೆ ಊದಿ ಮಾತು ತೊದಲುತ್ತಿತ್ತು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಅದು ಅವನಿಗಾಗಿಯೇ. ಆದರೂ ಸೆರಗನ್ನು ಅವನ ಬೆರಳುಗಳಿಂದ ಒಂದೊಂದಾಗಿ ಬಿಡಿಸಿಕೊಂಡಳು.

"ಹೇಳ್ತೀನಪ್ಪಾ. ಮೊದಲ ಬಾಸುಂಡೆಯಿಂದ ಶುರು ಮಾಡಿ ಹೇಳ್ತೀನಿ."

ಗಾಡಿ ಆಸ್ಪತ್ರೆಯ ಕಡೆ ಹೋಯಿತು. ಮಚ್ಚಕ್ಕ ಒಲೆಗೆ ನೀರು ಸುರಿದು ಆರಿಸಿ, ಶಟರ್ ಎಳೆದು, ಕೈ ಕೂಡ ತೊಳೆಯದೆ ನಾದಿನಿಯ ಒಳ್ಳೆಯ ಕೈಯನ್ನು ಹಿಡಿದುಕೊಂಡಳು. ಬೀದಿಯ ಜನ ದಾರಿ ಬಿಟ್ಟರು. ಪೊಲೀಸ್ ಠಾಣೆಯ ಮೆಟ್ಟಿಲ ಹತ್ತಿರ ಮಚ್ಚಕ್ಕ ಗಾಡಿ ಹೋದ ದಾರಿಯ ಕಡೆ ತಿರುಗಿ ನೋಡಿದಳು. ನಾದಿನಿಯೇ ಮುಂದೆ ಹತ್ತಿ, ಅವಳನ್ನು ಎಳೆದುಕೊಂಡು ಒಳಗೆ ಹೋದಳು.